ಸೀಸದ ಬಾಣ

ಬ್ಯಾಟರಿ ಕಾರ್ಖಾನೆಯ ಕುಲುಮೆಯಲ್ಲಿ ಸೀಸ ಕರಗಿಸುತ್ತಿದ್ದ ಒಂಬತ್ತು ಮಂದಿಯನ್ನು ವಯಸ್ಸಾಯಿತೆಂದು ಕೆಲಸದಿಂದ ತೆಗೆದರು. ಪರಿಹಾರ ಕೊಡಲಿಲ್ಲ. ಚಿಕಿತ್ಸೆಯನ್ನೂ ಕೊಡಿಸಲಿಲ್ಲ.

ಅವರಲ್ಲೊಬ್ಬ ಅಂಕಿಯಮ್ಮನ ಭಾವ. ಅಂಕಿಯಮ್ಮ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಅಲ್ಲಿನ ಆರೋಗ್ಯ ವಿಭಾಗದಲ್ಲಿ ಕೆಲಸಗಾರರ ತಪಾಸಣೆಯ ಅಂಕಿಅಂಶ ನೋಡಿಕೊಳ್ಳುವವಳು ಅವಳು. ಅಕ್ಕನ ಮನೆಯ ಮಹಡಿಯ ಕೋಣೆಯಲ್ಲೇ ವಾಸ. ಹಾಗಾಗಿ ಬೆಳಗಿನ ಚಹಾದ ಜೊತೆ ಬೈಗುಳ ಪುಕ್ಕಟೆ.

ಆ ದಿನ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ವಿಚಾರಣೆ. ಭಾವನ ಎರಡೂ ಮಣಿಕಟ್ಟು ಬಲ ಸತ್ತು ಜೋತುಬಿದ್ದಿದ್ದವು. ಅಕ್ಕ ಅವನ ಅಂಗಿಯ ಗುಂಡಿ ಹಾಕುತ್ತ, ತಂಗಿಯ ಮುಖ ನೋಡದೆ ಕೇಳಿದಳು: "ಏನೇ, ನಿಮ್ಮ ಕಂಪನಿ ಡಾಕ್ಟರು ಅದೇನೋ ಚಿತ್ರ ತೋರಿಸಿ ಇವರನ್ನ ಮುದುಕರು ಮಾಡಿದ್ರಂತಲ್ಲ, ಅದ್ರಲ್ಲಿ ನಿಮ್ಮ ಭಾವ ಯಾವ ಚುಕ್ಕೆ?"

"ಅಕ್ಕಾ, ಆ ಚಿತ್ರ ನಾನು ಮಾಡಿದ್ದಲ್ಲ."

"ಮಾಡಿದ್ದು ನೀನಲ್ಲ. ಗೊತ್ತಿದ್ದೂ ಬಾಯಿಗೆ ಬೀಗ ಜಡಕೊಂಡು ಕೂತಿದ್ದು ಯಾರು, ಪಕ್ಕದ್ಮನೆಯವಳಾ?"

"ಬಿಡೇ, ಹೊರಡೋ ಹೊತ್ತಲ್ಲಿ," ಅಂದ ಭಾವ.

"ಬಿಡ್ತೀನಿ. ಈ ಗುಂಡಿ ನೀವೇ ಹಾಕ್ಕೊಳ್ಳಿ, ಬಿಡ್ತೀನಿ."

ಅಂಕಿಯಮ್ಮ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಆ ಚಿತ್ರದಲ್ಲಿ ಒಬ್ಬೊಬ್ಬ ಕೆಲಸಗಾರ ಒಂದೊಂದು ಚುಕ್ಕೆ. ಅಳೆದ ಒಂದೊಂದು ಸಂಗತಿ ನಡುವಿನಿಂದ ಹೊರಟ ಒಂದೊಂದು ಬಾಣ: ವಯಸ್ಸು, ತೂಕ, ರಕ್ತದಲ್ಲಿನ ಸೀಸ, ಹಿಮೋಗ್ಲೋಬಿನ್, ಕೈಹಿಡಿತದ ಬಲ. ಚುಕ್ಕೆ ಯಾವ ಬಾಣದ ದಿಕ್ಕಿಗೆ ದೂರ ಸರಿದಿದೆಯೋ ಆ ಮನುಷ್ಯನಲ್ಲಿ ಅದು ಹೆಚ್ಚು. ಮನುಷ್ಯರನ್ನೂ ಅವರ ಸಂಕಟವನ್ನೂ ಒಂದೇ ಪರದೆಯ ಮೇಲೆ ಕೂರಿಸುವ ಚಿತ್ರ. ಸುಳ್ಳು ಹೇಳಿಸಬೇಕೆಂದರೆ ಅದನ್ನೂ ಹೇಳುತ್ತದೆ. ಎಲ್ಲ ಅಳತೆಗಳನ್ನೂ ಒಂದೇ ತಕ್ಕಡಿಗೆ ತರಲು ತಂತ್ರಾಂಶದಲ್ಲಿ ಒಂದು ಪುಟ್ಟ ಚೌಕವಿದೆ. ಡಾಕ್ಟರು ಅದರ ಸರಿ ಗುರುತನ್ನು ತೆಗೆದಿದ್ದರು. ವಯಸ್ಸು ವರ್ಷದಲ್ಲಿ, ತೂಕ ಕಿಲೋದಲ್ಲಿ. ಸೀಸ ಮಾತ್ರ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು, ಒಂದಕ್ಕೂ ಕಡಿಮೆ, ದಶಾಂಶ ಬಿಂದುವಿನ ಆಚೆ. ಅಂಕಿ ದೊಡ್ಡದಿದ್ದವರದ್ದೇ ದರ್ಬಾರು. ವಯಸ್ಸಿನ ಬಾಣ ಪರದೆಯ ಅಂಚಿಗೆ ಚಾಚಿಕೊಂಡಿತು. ಸೀಸದ್ದು ಸೊಳ್ಳೆಯ ಕಾಲಿನಷ್ಟು. ಕೈ ಜೋತದ್ದು ಮುದಿತನದಿಂದ, ಸೀಸದಿಂದಲ್ಲ ಎಂದು ತೋರಿಸಲು ಅಷ್ಟು ಸಾಕಾಯಿತು.

ಮೊದಲು ಅದು ಡಾಕ್ಟರ ಅಜ್ಞಾನವೆಂದೇ ಅವಳು ತಿಳಿದಿದ್ದಳು. ಹೇಳಿಯೂ ಇದ್ದಳು. ಅವರು ನಕ್ಕು, ಬಾಗಿಲು ಹಾಕಿಕೊಂಡು ಹೋಗು ಅಂದಿದ್ದರು.

ಕಾರ್ಖಾನೆಯ ಸಭೆಯ ಕೋಣೆಯ ಹೊರಗೆ ಡಾಕ್ಟರು ಕಾದಿದ್ದರು. "ನೋಡಮ್ಮ, ಇವತ್ತು ಚಿತ್ರ ನೀನೇ ತೋರಿಸು. ಎಲ್ಲಾ ಕ್ರಮಬದ್ಧವಾಗಿದೆ ಅಂತ ಒಂದು ಮಾತು. ನಾನಂದ್ರೆ ಕಂಪನಿ ಡಾಕ್ಟರು ಅಂತ ಮೂಗು ಮುರೀತಾರೆ. ನಾದಿನೀನೇ ಹೇಳಿದ್ರೆ ಅದರ ತೂಕಾನೇ ಬೇರೆ."

"ಎತ್ತರವನ್ನ ಮಿಲಿಮೀಟರಲ್ಲಿ ಬರೆದು ಸೇರಿಸಿದ್ರೆ, ಉದ್ದಕ್ಕಿರೋದೇ ಕಾಯಿಲೆ ಅಂತಿತ್ತು ನಿಮ್ಮ ಚಿತ್ರ."

"ಬಾಯಿ ಜೋರಾಯ್ತು. ನಿನ್ನ ಭಾವನ ಮನೇಲಿ ಈಗ ಒಲೆ ಹತ್ತೋದು ನಿನ್ನೊಬ್ಬಳ ಸಂಬಳದಿಂದ. ನೆನಪಿಟ್ಕೊ."

ಒಳಗೆ ಮೇಜಿನ ತುದಿಯಲ್ಲಿ ಮ್ಯಾನೇಜರು, ಪಕ್ಕದಲ್ಲಿ ಆಕಳಿಸುತ್ತ ಅಧಿಕಾರಿ. ಒಂಬತ್ತು ಮಂದಿ ಗೋಡೆಗೊತ್ತಿ ಕೂತಿದ್ದರು. ಜೋತ ಕೈಗಳನ್ನು ತೊಡೆಯ ನಡುವೆ ಅಡಗಿಸಿಕೊಂಡು, ತಪ್ಪು ಮಾಡಿದವರೇ ತಾವೆಂಬಂತೆ. ಅಂಕಿಯಮ್ಮ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿ ಕಂಪ್ಯೂಟರಿನ ಮುಂದೆ ಕೂತಳು.

ಅವಳು ಚಿತ್ರ ತೆರೆದಳು. ಚೌಕದಲ್ಲಿ ಗುರುತು ಹಾಕಿದಳು.

ಪರದೆ ಒಮ್ಮೆ ಮಿನುಗಿ, ಚುಕ್ಕೆಗಳೆಲ್ಲ ಜಾಗ ಬದಲಿಸಿದವು. ಸೀಸದ ಬಾಣ ಉದ್ದಕ್ಕೆ ಚಾಚಿತು. ಹಿಮೋಗ್ಲೋಬಿನ್ನೂ ಕೈಬಲವೂ ಅದಕ್ಕೆ ಬೆನ್ನು ಹಾಕಿ ಎದುರು ದಿಕ್ಕಿಗೆ ಹೊರಟವು. ವಯಸ್ಸು ಇವುಗಳ ಗೊಡವೆಯೇ ಬೇಡವೆಂಬಂತೆ ಅಡ್ಡಕ್ಕೆ ನಿಂತಿತು.

ಅಧಿಕಾರಿಯ ಆಕಳಿಕೆ ಅರ್ಧಕ್ಕೆ ನಿಂತಿತು. "ಇದ್ಯಾಕೆ ಹೀಗಾಯ್ತು?"

"ಈಗ ಎಲ್ಲ ಅಳತೆಗೂ ಸಮ ತೂಕ ಸಾರ್. ಸೀಸ ಏರಿದಷ್ಟೂ ಕೈಬಲ ಇಳಿದಿದೆ, ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಸೀಸದ ತುದೀಲಿರೋ ಈ ಕೆಂಪು ಚುಕ್ಕೆಗಳು ಇಲ್ಲಿ ಕೂತಿರೋರು. ಇವರದ್ದೇ ವಯಸ್ಸಿನ ಪ್ಯಾಕಿಂಗ್ ವಿಭಾಗದವರು ಆ ಕಡೆ ಇದಾರೆ, ಗಟ್ಟಿಮುಟ್ಟಾಗಿ."

"ಕೆಂಪಿನ ಪಕ್ಕ ಇರೋ ಈ ಕಪ್ಪು ಚುಕ್ಕೆಗಳು?"

"ಕುಲುಮೆಗೆ ಹೊಸದಾಗಿ ಹಾಕಿರೋ ಹುಡುಗರು. ಮೂವತ್ತು ದಾಟಿಲ್ಲ ಯಾರಿಗೂ. ಇಷ್ಟೊತ್ತಿಗೆ ಅಲ್ಲೇ ನಿಂತಿದಾರೆ, ಹೊಗೆ ಕುಡೀತಾ."

ಗೋಡೆಯ ಕಡೆಯಿಂದ ಯಾರೋ ಗಟ್ಟಿಯಾಗಿ ಉಸಿರೆಳೆದರು. ಡಾಕ್ಟರು ಎದ್ದು, "ಇದು ತಾಂತ್ರಿಕ ದೋಷ, ಹುಡುಗಿಗೆ ಅನುಭವ ಸಾಲದು," ಎಂದು ತೊದಲಿದರು. ಮ್ಯಾನೇಜರು ಅವರನ್ನು ಕೈಸನ್ನೆಯಲ್ಲೇ ಕೂರಿಸಿ, ಅಂಕಿಯಮ್ಮನ ಕಡೆ ತಿರುಗಿದರು. ದನಿ ತಣ್ಣಗಿತ್ತು.

"ಗುರುತು ತೆಗಿ. ಮೊದಲಿದ್ದ ಹಾಗೆ ಮಾಡು. ಸಾಯಂಕಾಲ ನಿನ್ನ ಮೇಜು ನಿನಗೇ ಇರಬೇಕಾ, ಬೇಡವಾ?"

"ತೆಗೆಯಲ್ಲ," ಅಂದಳು ಅಂಕಿಯಮ್ಮ. ಮೌಸ್ ಮೇಜಿನ ಮೇಲೆ ಅವರತ್ತ ತಳ್ಳಿದಳು. "ಬೇಕಾದ್ರೆ ನೀವೇ ಬಂದು ತೆಗೀರಿ. ಇವರೆಲ್ಲ ನೋಡ್ತಿದಾರೆ."