ಆದಿತ್ಯವಾರದ ಊರು

ನಾನೂ ಗೆಳತಿ ದಿಶಾಳೂ ವಿಯೆನ್ನಾಗೆ ಹೋಗಲು ನನ್ನ ತಾಯಿ, ಉಮ್ಮ ಶರೀಫಾ, ಒಪ್ಪಿದ್ದು ಒಂದೇ ಶರತ್ತಿನ ಮೇಲೆ. ದಿನವೂ ಮಧ್ಯಾಹ್ನ ಹಾಸ್ಟೆಲಿನ ಅಡುಗೆಮನೆಯಲ್ಲಿ ನಾವೇ ಅನ್ನ ಬೇಯಿಸಿ ವಿಡಿಯೋ ಕಾಲ್‌ನಲ್ಲಿ ತೋರಿಸಬೇಕು. ಒಂದು ದಿನ ತಪ್ಪಿದರೂ ಮರುದಿನದ ವಿಮಾನಕ್ಕೆ ವಾಪಸ್. ಇದು ಬರೀ ಬೆದರಿಕೆಯಲ್ಲ. ತಾರೀಕು ಬದಲಿಸಬಹುದಾದ ಟಿಕೆಟ್ಟೇ ಬೇಕೆಂದು ಹಟ ಹಿಡಿದು ಮಾಡಿಸಿದ್ದಳು.

ಹೊರಡುವ ದಿನವನ್ನು ಗೊತ್ತು ಮಾಡಿದವಳೂ ಅವಳೇ. ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನನ್ನನ್ನೂ ದಿಶಾಳನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: "ಶುಕ್ರವಾರ ಇಳಿದ್ರೆ ಎಲ್ಲ ಬಂದ್ ಇರ್ತದೆ. ಶನಿವಾರ ರಾತ್ರಿ ಹೊರಡಿ. ಆದಿತ್ಯವಾರ ಬೆಳಿಗ್ಗೆ ಇಳಿದ್ರೆ ಅಂಗಡಿ ಎಲ್ಲ ತೆರೆದಿರ್ತದೆ, ಆಯ್ತಾ?"

ಆಯ್ತು ಎಂದೆವು. ಮಸ್ಕತ್ತಿನಲ್ಲೇ ಹುಟ್ಟಿ ಬೆಳೆದವರು ನಾವು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರವೆಂದರೆ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ವಾರ ಶುರು ಮಾಡುವ ದಿನ.

ದಿಶಾ ಒಂದನೇ ಕ್ಲಾಸಿನಿಂದಲೂ ನನ್ನ ಜೊತೆಯವಳು, ಮೈಸೂರಿನವರ ಮಗಳು, ಮಹಾ ಧೈರ್ಯವಂತೆ. ವಿಮಾನ ನಿಲ್ದಾಣದಲ್ಲಿ ಉಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿಯ ಚೀಲವನ್ನು ಎತ್ತಿ ನೋಡಿ ಮುಖ ಹಿಂಡಿದಳು. "ಬ್ಯಾಕ್‌ಪ್ಯಾಕರ್ಸ್ ಯಾರಾದ್ರೂ ಅಕ್ಕಿ ಮೂಟೆ ಹೊರ್ತಾರೇನೇ ಮುಫೀದಾ? ಅಲ್ಲೇ ತಗೊಂಡ್ರಾಯ್ತು ಬಿಡು." ನಮ್ಮನ್ನು ಬಿಡಲು ಬಂದಿದ್ದ ನನ್ನ ತಂದೆ, ಉಪ್ಪ, ಟ್ರಾಲಿ ತರಲು ಹೋದಾಗ ಚೀಲವನ್ನು ಕಾರಿನ ಡಿಕ್ಕಿಯಲ್ಲೇ ಹಳೇ ಬೆಡ್‌ಶೀಟಿನ ಅಡಿಗೆ ತಳ್ಳಿಬಿಟ್ಟೆವು.

ವಿಯೆನ್ನಾದಲ್ಲಿ ಇಳಿದದ್ದೇ ನಮಗೆ ತಲೆ ತಿರುಗಿತು. ಕೆಂಪು ಟ್ರಾಮ್ ಕಂಡರೆ ನಗು, ಕುದುರೆ ಗಾಡಿ ಕಂಡರೆ ನಗು, ಬಟ್ಟೆಯಿಲ್ಲದೆ ನಿಂತ ಕಲ್ಲಿನ ಗಂಡಸರನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಗು. ಎಲ್ಲಿಗೆ ಹೊರಟಿರಿ, ಯಾರ ಜೊತೆ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳುವವರು ಒಬ್ಬರೂ ಇಲ್ಲ! ರೈಲು ನಿಲ್ದಾಣದಿಂದ ಹಾಸ್ಟೆಲಿನವರೆಗೆ ನಡೆದೇ ಹೋಗುವುದೆಂದು ದಿಶಾ ತೀರ್ಮಾನಿಸಿದಳು. ಮಸ್ಕತ್ತಿನಲ್ಲಿ ಚಹಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕಾರಿಗೇ ಬರುತ್ತದೆ. ನಮಗೆ ನಡೆದು ಗೊತ್ತಿದ್ದರೆ ತಾನೆ? ಎರಡು ಬೀದಿ ದಾಟುವಷ್ಟರಲ್ಲಿ ಕಾಲಲ್ಲಿ ಬೊಬ್ಬೆ ಎದ್ದವು. ಅದಕ್ಕೂ ನಕ್ಕೆವು.

ದಾರಿಯಲ್ಲಿ ಸಿಕ್ಕಿದ ಸೂಪರ್‌ಮಾರ್ಕೆಟ್ ಮುಚ್ಚಿತ್ತು. ಮುಂದಿನದೂ ಮುಚ್ಚಿತ್ತು. ಅದರಾಚೆ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಎಲ್ಲಕ್ಕೂ ಬೀಗ. ಅಷ್ಟರಲ್ಲಿ ಚರ್ಚಿನ ಗಂಟೆ ಢಣ್ ಢಣ್ ಎಂದು ಮೊಳಗತೊಡಗಿತು.

ದಿಶಾಳ ನಗು ನಿಂತಿತು. "ಯಾರೋ ತುಂಬಾ ದೊಡ್ಡವರು ತೀರ್ಕೊಂಡಿದಾರೆ ಕಣೇ."

ನನಗೂ ಹಾಗೇ ಅನ್ನಿಸಿತು. ಕೆಲಸದ ದಿನ ಊರಿಗೆ ಊರೇ ಬಾಗಿಲು ಹಾಕಲು ನಮಗೆ ಗೊತ್ತಿದ್ದ ಕಾರಣ ಅದೊಂದೇ. ಇಷ್ಟು ಹೊತ್ತು ಸೂತಕದ ಊರಿನಲ್ಲಿ ಕಿಸಿಕಿಸಿ ನಕ್ಕೆವಲ್ಲ ಎಂದು ನಾಚಿಕೆಯಾಯಿತು. ನಾನು ಶಾಲು ಸರಿ ಮಾಡಿಕೊಂಡೆ, ದಿಶಾ ತಲೆ ತಗ್ಗಿಸಿದಳು, ಇಬ್ಬರೂ ಮೆಲ್ಲಗೆ ನಡೆದೆವು. ಎದುರಿಗೆ ಹೂಗುಚ್ಛ ಹಿಡಿದ ಮುದುಕರೊಬ್ಬರು ಬಂದರು. ದಿಶಾ ಎದೆಯ ಮೇಲೆ ಕೈಯಿಟ್ಟು, ನಿಮ್ಮ ದುಃಖದಲ್ಲಿ ನಾವೂ ಭಾಗಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಅವರು ಹೂವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದರು. "ಇವತ್ತು ಭಾನುವಾರ, ಅಷ್ಟೇ," ಎಂದರು. "ಇದು ನನ್ನ ಹೆಂಡತಿಗೆ. ಮನೆಯಲ್ಲಿ ಕಾಯುತ್ತಿದ್ದಾಳೆ."

ಪಕ್ಕದ ಬೆಂಚಿನ ಮೇಲೆ ಬಿದ್ದು ನಕ್ಕ ನಗು ಹಾಸ್ಟೆಲ್ ತಲುಪಿದರೂ ನಿಲ್ಲಲಿಲ್ಲ. ಆಮೇಲೆ ಗೋಡೆಯ ಗಡಿಯಾರ ನೋಡಿದೆ. ಉಮ್ಮ ಕರೆ ಮಾಡುವ ಹೊತ್ತು! ಇಂಥ ಊರನ್ನು ಒಂದೇ ಬೆಳಿಗ್ಗೆ ನೋಡಿ ನಾಳೆಯೇ ಬಿಟ್ಟು ಹೋಗಬೇಕೆ? ಅಡುಗೆಮನೆಯ ಕಪಾಟಿನಲ್ಲಿ ಹಿಂದಿನವರು ಬಿಟ್ಟುಹೋದ ಉಪ್ಪು, ಟೀ ಪುಡಿ, ಅರ್ಧ ಸೀಸೆ ಜಾಮ್ ಬಿಟ್ಟರೆ ಏನೂ ಇರಲಿಲ್ಲ. ದಿಶಾ ಪಾತ್ರೆಗೆ ನೀರು ಸುರಿದು, ಮುಚ್ಚಳ ಹಾಕಿ, ಒಲೆ ಹಚ್ಚಿದಳು. "ಆವಿ ಬರ್ತಿದ್ರೆ ಸಾಕು. ಒಳಗೇನಿದೆ ಅಂತ ಯಾರಿಗೆ ಗೊತ್ತಾಗತ್ತೆ?"

ಫೋನ್ ಬಂತು. ಉಮ್ಮ ಆವಿಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು.

"ಮುಚ್ಚಳ ತೆಗಿ."

ತೆಗೆದೆ. ಬರೀ ನೀರು ಕುದಿಯುತ್ತಿತ್ತು. ಅತ್ತ ಉಮ್ಮ ತನ್ನ ಒಲೆಯ ಮೇಲಿನ ಪಾತ್ರೆಗೆ ಫೋನ್ ತಿರುಗಿಸಿದಳು. ಕುಚ್ಚಲಕ್ಕಿ ಗಂಜಿ ಕೊತಕೊತ ಬೇಯುತ್ತಿತ್ತು. "ನಿನ್ನೆ ರಾತ್ರಿಯೇ ಡಿಕ್ಕಿಯಲ್ಲಿ ಸಿಕ್ಕಿತು. ಎಂತ ಮಾಡ್ತೀರಿ ನೋಡುವ ಅಂತ ಸುಮ್ಮನಿದ್ದೆ. ಅಲ್ಲಿ ಒಂದು ಹಿಡಿ ಅಕ್ಕಿ ತಕ್ಕೊಳ್ಲಿಕ್ಕೆ ಎಂತ ರೋಗ ನಿಮಗೆ?"

"ಉಮ್ಮಾ, ಅಂಗಡಿ ಎಲ್ಲ ಬಂದ್. ಇಲ್ಲಿ ಆದಿತ್ಯವಾರ ರಜೆ."

"ಆದಿತ್ಯವಾರ ಎಂತ ರಜೆ? ಸುಳ್ಳಿಗೂ ಒಂದು..."

ಉಮ್ಮ ಹುಟ್ಟಿದ್ದು ಮಸ್ಕತ್ತಿನಲ್ಲಲ್ಲ, ಬಂಟ್ವಾಳದಲ್ಲಿ. ಸೌಟು ಹಿಡಿದ ಕೈ ಹಾಗೇ ಬಾಯಿಗೆ ಹೋಯಿತು.

"ಅಲ್ಲಾಹ್! ನಮಗೂ ಆದಿತ್ಯವಾರವೇ ಅಲ್ವಾ ರಜೆ ಇದ್ದದ್ದು," ಎಂದಳು. "ಶಾಲೆ ಇಲ್ಲ, ಎಂತ ಇಲ್ಲ, ಬೆಳಿಗ್ಗೆಯಿಂದ ಹೊಳೆ ಬದಿಯಲ್ಲೇ ನಾವು. ನನಗೆ ಮರೆತೇ ಹೋಗಿತ್ತು ನೋಡು." ಹೇಳುತ್ತಾ ಹೇಳುತ್ತಾ ನಗತೊಡಗಿದಳು. ನಕ್ಕು ನಕ್ಕು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಉಮ್ಮ ಹಾಗೆ ನಗುವುದನ್ನು ನಾನು ಕಂಡೇ ಇರಲಿಲ್ಲ.

"ಹಾಗಾದ್ರೆ ಟಿಕೆಟ್, ಆಂಟಿ?" ದಿಶಾ ಮೆಲ್ಲಗೆ ಕೇಳಿದಳು.

"ಆದಿತ್ಯವಾರ ಹೋಗಿ ಅಂದದ್ದು ನಾನಲ್ವಾ? ಇವತ್ತಿನದ್ದು ಖಲಾಸ್. ಹಲಾಲ್ ಕೆಬಾಬ್ ಸಿಗ್ತದಾ ಹುಡುಕಿ, ತಿನ್ನಿ. ನಾಳೆ ಅನ್ನ ತೋರಿಸ್ಬೇಕು."

ನಾವು ಕುಣಿದಾಡಿದೆವು. ನಾನು ಫೋನ್ ಇಡಲು ಹೋದೆ.

"ಇಡ್ಬೇಡ, ಇಡ್ಬೇಡ," ಎಂದಳು ಉಮ್ಮ. "ನನ್ನನ್ನೂ ಕರ್ಕೊಂಡು ಹೋಗಿ. ಆದಿತ್ಯವಾರದ ಊರು ನೋಡದೆ ಎಷ್ಟು ಕಾಲ ಆಯ್ತು."

ನಾನು ಫೋನನ್ನು ಬೀದಿಯ ಕಡೆಗೆ ತಿರುಗಿಸಿ ಮುಂದೆ ಹಿಡಿದುಕೊಂಡು ಮೆಟ್ಟಿಲಿಳಿದೆ. ಅತ್ತ ದಾರ್ಸೈಟಿನಲ್ಲಿ ಉಮ್ಮ ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕುಳಿತ ಸದ್ದು ಕೇಳಿಸಿತು.