ಟ್ಯಾಂಕ್ ಮೇಸ್ತ್ರಿಯನ್ನು ಟೀವಿಯಲ್ಲಿ ಕೆಲಸದಿಂದ ತೆಗೆದದ್ದು

ಬೈಕ್ ವರ್ಕ್‌ಶಾಪಿನಲ್ಲಿ ಟೀವಿಯವರ ಶೂಟಿಂಗ್ ಶುರುವಾದ ದಿನವೇ ಶೆಡ್ಡಿನ ಫ್ಯಾನುಗಳನ್ನು ನಿಲ್ಲಿಸಿಬಿಟ್ಟರು. ಅವುಗಳ ಗರಗರ ಸದ್ದು ಮೈಕಿಗೆ ಬೀಳುತ್ತದಂತೆ. ತಗಡಿನ ಸೂರು, ಕಾದ ಕಬ್ಬಿಣ, ಅದರ ಮೇಲೆ ದೊಡ್ಡ ದೊಡ್ಡ ದೀಪ. ಕೆಲಸದವರ ಅಂಗಿ ಹಿಂಡಿದರೆ ನೀರು ಸುರಿಯುತ್ತಿತ್ತು. ಮೇಕಪ್ಪಿನ ಹುಡುಗಿ ಅವರ ಮುಖ ಒರೆಸಿ ಒರೆಸಿ ಸೋತು, "ನೀವು ಸ್ವಲ್ಪ ಕಮ್ಮಿ ಬೆವರೋಕಾಗಲ್ವಾ?" ಎಂದು ಕೇಳಿಯೂ ಬಿಟ್ಟಳು. ಅಷ್ಟರಲ್ಲಿ ಎಸಿ ರೂಮಿನಿಂದ ಓನರ್ ಬಂದರು. ಅದೇ ಹುಡುಗಿ ಸೀಸೆಯಿಂದ ನೀರು ಚಿಮುಕಿಸಿ ಅವರ ಹಣೆಗೆ ಬೆವರು ಬರಿಸಿದಳು. ಕೆನ್ನೆಗೆ ಒಂದಿಷ್ಟು ಆಯಿಲ್ ಮಸಿ ಬಳಿದಳು. ಟೀವಿಯಲ್ಲಿ ದುಡಿಯುವವರು ಹಾಗಿರಬೇಕು.

ಓನರ್ ಅನ್ನಬಾರದು, ಸಾರ್ ಅನ್ನಬಾರದು. "ಇನ್ಮೇಲೆ ಬ್ರೋ ಅನ್ನಿ, ನಾವೆಲ್ಲ ಒಂದೇ ಫ್ಯಾಮಿಲಿ" ಎಂದಿದ್ದರು. ಮನೆಯವರೇ ಆದ ಮೇಲೆ ಓವರ್‌ಟೈಮ್ ಕೇಳುವುದು ಚೆನ್ನಾಗಿರುವುದಿಲ್ಲವಲ್ಲ, ಅದೂ ನಿಂತಿತು.

ಹಳೇ ಬೈಕು ಬಿಚ್ಚಿ, ಬೇರೆಯದೇ ರೂಪ ಕೊಟ್ಟು, ದುಡ್ಡಿದ್ದವರಿಗೆ ಮಾರುವ ವರ್ಕ್‌ಶಾಪು ಅದು. ಮೂರು ತಿಂಗಳ ಕೆಲಸ ಟೀವಿಯಲ್ಲಿ ಒಂದು ವಾರಕ್ಕೆ ಮುಗಿಯುತ್ತಿತ್ತು. ಬ್ರೋ ಮುಖವನ್ನೂ ಫಿಟ್ಟರನ ಕೈಯನ್ನೂ ಕ್ಯಾಮೆರಾ ಬೇರೆ ಬೇರೆ ಹಿಡಿದು ಒಬ್ಬನೇ ಮನುಷ್ಯ ಮಾಡುತ್ತಿತ್ತು. ಪೆಟ್ರೋಲ್ ಟ್ಯಾಂಕುಗಳು ಮಾತ್ರ ಮೇಸ್ತ್ರಿಯವು. ಚಪ್ಪಟೆ ತಗಡನ್ನು ಮರದ ಕೊಡತಿಯಲ್ಲಿ ಬಡಿದು ಬಡಿದು ಉಬ್ಬಿಸಿ ಟ್ಯಾಂಕು ಮಾಡುವುದರಲ್ಲೇ ಅವನ ತಲೆ ನರೆತಿತ್ತು. ಹೆಂಡತಿಯನ್ನು ಬಿಟ್ಟರೆ ಅವನ ಹೆಸರು ನೆನಪಿದ್ದವರು ಕಡಿಮೆ. ಎಲ್ಲರಿಗೂ ಅವನು ಟ್ಯಾಂಕ್ ಮೇಸ್ತ್ರಿ.

ಒಂದು ದಿನ ಡೈರೆಕ್ಟರಮ್ಮ ಅವನನ್ನು ಪಕ್ಕಕ್ಕೆ ಕರೆದಳು.

"ಅಂಕಲ್, ಎಲ್ಲರೂ ಇಷ್ಟು ಚೆನ್ನಾಗಿ ಕೆಲಸ ಮಾಡ್ತಾ ಇದ್ರೆ ಯಾರು ನೋಡ್ತಾರೆ? ಒಂದು ಜಗಳ ಬೇಕು. ನಿಮ್ಮ ಟ್ಯಾಂಕು ಸೋರುತ್ತೆ. ಬ್ರೋ ನಿಮ್ಮನ್ನ ಕೆಲಸದಿಂದ ತೆಗೀತಾರೆ. ನೀವು ಅಳ್ತೀರಿ."

"ನನ್ನ ಟ್ಯಾಂಕು ಸೋರಲ್ಲ ಕಣಮ್ಮಾ."

"ಸೋರಿಸೋಣ ಬಿಡಿ."

ಶೂಟಿಂಗಿನವನೊಬ್ಬ ಡ್ರಿಲ್ ತಂದು ಟ್ಯಾಂಕಿನ ಅಡಿಗೆ ತೂತು ಕೊರೆದ. ಮೇಸ್ತ್ರಿಗೆ ತನ್ನ ಹೊಟ್ಟೆಗೇ ಕೊರೆದಂತಾಯಿತು. ಬ್ರೋ ಹೆಗಲ ಮೇಲೆ ಕೈ ಹಾಕಿದರು. "ನಾಟಕ ಅಷ್ಟೇ ಮೇಸ್ತ್ರಿ. ನಾಳೆ ಮಾಮೂಲಿ ಕೆಲಸಕ್ಕೆ ಬಾ."

ಮೇಸ್ತ್ರಿ ಹೇಳಿಕೊಟ್ಟ ಮಾತನ್ನೇ ಹೇಳಿದ: "ನನ್ನಿಂದ ತಪ್ಪಾಯ್ತು ಬ್ರೋ. ವಯಸ್ಸಾಯ್ತು. ಕಣ್ಣು ಸರಿಯಾಗಿ ಕಾಣಲ್ಲ." ಹೇಳಿ ಹೇಳಿ ಕೊನೆಗೆ ನಿಜವಾಗಿಯೂ ಅಳು ಬಂತು. ಡೈರೆಕ್ಟರಮ್ಮ ಚಪ್ಪಾಳೆ ತಟ್ಟಿದಳು.

ಮೇಸ್ತ್ರಿ ಮಾಮೂಲಿ ಕೆಲಸಕ್ಕೆ ಹೋಗುತ್ತಿದ್ದ. ಆ ಅಳು ಟೀವಿಯಲ್ಲಿ ಬಂದ ರಾತ್ರಿ ಹೆಂಡತಿ ಅವನ ಮುಖವನ್ನೇ ದಿಟ್ಟಿಸಿದಳು. "ರೀ, ನಿಮ್ಮ ಕಣ್ಣಿಗೆ ಏನಾಗಿದೆ? ನನಗೂ ಹೇಳದೆ ಮುಚ್ಚಿಟ್ಟಿದ್ರಾ?" ಭಾಮೈದ ಫೋನು ಮಾಡಿ, "ಭಾವ, ಎದೆಗುಂದಬೇಡಿ, ನಮ್ಮ ಕಡೆ ವಾಚ್‌ಮನ್ ಕೆಲಸ ಖಾಲಿ ಇದೆ" ಎಂದ. ಮೇಸ್ತ್ರಿ ನಕ್ಕ. ಎಲ್ಲ ನಾಟಕ ಎಂದು ಅವರಿಗೆ ತಿಳಿಸಿ ಹೇಳಿದ.

ಬೆಳಿಗ್ಗೆ ಗೇಟಿನಲ್ಲಿ ಸೆಕ್ಯೂರಿಟಿಯವನು ತಡೆದ. ಬ್ರೋ ಹೊರಗೆ ಬಂದರು.

"ಮೇಸ್ತ್ರಿ, ಜನ ನಿನ್ನ ಸೀನ್ ನೋಡಿ ಅತ್ತುಬಿಟ್ಟಿದಾರೆ. ಈಗ ನೀನು ಒಳಗೆ ಕಂಡ್ರೆ ಕಥೆ ಕೆಡುತ್ತೆ. ಪ್ರೋಗ್ರಾಂ ಮುಗೀಲಿ."

"ಅಲ್ಲೀವರೆಗೂ ಸಂಬಳ?"

"ಕೆಲಸದಿಂದ ತೆಗೆದವರಿಗೆ ಸಂಬಳ ಕೊಟ್ರೆ ಜನ ಏನಂತಾರೆ?"

ಆಯಿತು, ಕೈಯಲ್ಲಿ ಕಸುಬಿದೆ, ಇನ್ನೊಂದು ವರ್ಕ್‌ಶಾಪಿಗೆ ಹೋದರಾಯಿತು ಎಂದುಕೊಂಡ. ಹೋದಲ್ಲೆಲ್ಲ ಕುರ್ಚಿ ಹಾಕಿದರು, ಟೀ ತರಿಸಿದರು, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಕೆಲಸ ಮಾತ್ರ ಕೊಡಲಿಲ್ಲ. "ಕಣ್ಣು ಕಾಣಲ್ಲ ಅಂತ ನೀವೇ ಹೇಳಿದ್ರಲ್ಲ ಮೇಸ್ತ್ರಿ. ಟ್ಯಾಂಕ್ ಸೋರಿ ಬೆಂಕಿ ಹತ್ತಿದ್ರೆ ಯಾರು ಗತಿ?" ಒಂದು ತೂತಿನಿಂದ ಅವನ ಇಡೀ ಜೀವಮಾನದ ಹೆಸರು ಸೋರಿಹೋಗಿತ್ತು. ಕೊನೆಗೆ ದೂರು ಕೊಡಲು ಹೋದರೆ, ಲೇಬರ್ ಆಫೀಸಿನ ಸಾಹೇಬರೂ ಆ ಪ್ರೋಗ್ರಾಂ ತಪ್ಪದೆ ನೋಡುವವರೇ.

"ತಪ್ಪು ಒಪ್ಪಿಕೊಂಡ ಮೇಲೆ ದೂರು ಏನ್ರೀ?"

"ಸ್ವಾಮಿ, ಅದು ನಾಟಕ."

"ರಿಯಾಲಿಟಿ ಶೋನಲ್ಲಿ ಎಲ್ಲಿಯ ನಾಟಕ? ಹೋಗ್ರೀ."

ಮೇಸ್ತ್ರಿ ಹಾಸಿಗೆ ಹಿಡಿದವನಂತೆ ಮನೆಯಲ್ಲಿ ಬಿದ್ದುಕೊಂಡ. ಹೀಗಿರುವಾಗ ಒಂದು ಸಂಜೆ ಪೇಂಟರಕ್ಕ ಬಂದಳು. ಅವನು ಮಾಡಿದ ಟ್ಯಾಂಕುಗಳಿಗೆ ಬಣ್ಣ ಹೊಡೆಯುತ್ತಿದ್ದವಳು ಅವಳೇ.

"ಅಣ್ಣಾ, ನಾಳಿದ್ದು ನನ್ನ ಸರದಿ. ಕೈ ನಡುಗಿ ಬಣ್ಣ ಕೆಡಿಸಿಬಿಟ್ಟೆ ಅಂತ ಅಳಬೇಕಂತೆ. ಮುಂದಿನ ವಾರ ಫಿಟ್ಟರಂತೆ."

ಮೇಸ್ತ್ರಿ ಎದ್ದು ಕೂತ. "ಅಳಬೇಡ ತಾಯಿ. ನಾನು ಅತ್ತು ಕೆಟ್ಟೆ. ನನಗೆ ಇವರ ಮೇಲೆ ಎಷ್ಟು ಸಿಟ್ಟಿದೆಯೋ, ಆವತ್ತು ಬಾಯಿಪಾಠ ಒಪ್ಪಿಸಿದ ನನ್ನ ಬಾಯಿ ಮೇಲೂ ಅಷ್ಟೇ ಸಿಟ್ಟಿದೆ. ನೀನೊಬ್ಬಳೇ ಬೇಡ ಅಂದ್ರೆ ನಿನ್ನ ಜಾಗಕ್ಕೆ ಇನ್ನೊಬ್ಬಳನ್ನ ತರ್ತಾರೆ. ಎಲ್ಲರನ್ನೂ ಕೇಳು."

ಅವಳು ಎಲ್ಲರನ್ನೂ ಕೇಳಿದಳು.

ಶೂಟಿಂಗಿನ ದಿನ ಮೇಸ್ತ್ರಿ ರಸ್ತೆಯ ಈಚೆ, ನೋಡಲು ಸೇರಿದ್ದ ಜನರ ನಡುವೆ ನಿಂತ. ಶೆಡ್ಡಿನ ಷಟರ್ ತೆರೆದಿತ್ತು, ಒಳಗಿನದೆಲ್ಲ ಕಾಣುತ್ತಿತ್ತು. ಬ್ರೋ ಹಣೆಗೆ ಬೆವರು ಚಿಮುಕಿಸಿಕೊಂಡು ಗುಡುಗಿದರು: "ಹಾಳು ಮಾಡಿಬಿಟ್ಟೆ! ಹೋಗು ಹೊರಗೆ!"

ಪೇಂಟರಕ್ಕ ಅಳಲಿಲ್ಲ. ಬಣ್ಣದ ಗನ್ನು ಕೆಳಗಿಟ್ಟು ಹೊರಟಳು. ಅವಳ ಹಿಂದೆ ಫಿಟ್ಟರ್ ಹೊರಟ. ಲೇತ್ ಯಂತ್ರದವನು, ಸೀಟು ಹೊಲಿಯುವವನು, ಕಸ ಗುಡಿಸುವ ಅಜ್ಜಿ, ಒಬ್ಬೊಬ್ಬರಾಗಿ ಎಲ್ಲರೂ ಹೊರಟರು.

"ಸೂಪರ್! ಇದು ಎಮೋಷನ್ ಅಂದ್ರೆ!" ಡೈರೆಕ್ಟರಮ್ಮ ಕುಣಿದಾಡಿದಳು. "ಕಟ್! ಇನ್ನೊಂದು ಟೇಕ್, ಎಲ್ಲರೂ ವಾಪಸ್ ಬನ್ನಿ!"

ಯಾರೂ ನಿಲ್ಲಲಿಲ್ಲ. ರಸ್ತೆಗಿಳಿದು ಸಾಲಾಗಿ ಕೂತರು. ಮೇಸ್ತ್ರಿಯೂ ಜನರನ್ನು ಸರಿಸಿಕೊಂಡು ಹೋಗಿ ಅವರ ಜೊತೆ ಕೂತ. ಆಚೆಯಿಂದ ಬಂದ ಲಾರಿ ನಿಂತಿತು, ಅದರ ಹಿಂದೆ ಬಸ್ಸು.

ಬ್ರೋ ಓಡಿ ಬಂದರು. ಆಗ ಅವರ ಹಣೆಯಲ್ಲಿ ನಿಜವಾದ ಬೆವರು. "ಏನ್ರೋ ಇದು? ನಾಳಿದ್ದು ಬೈಕ್ ರೆಡಿ ಆಗ್ಬೇಕು! ಅದು ನಾಟಕ ಕಣ್ರೋ, ನಾಟಕ!"

"ಅದನ್ನೇ ಟೀವೀಲಿ ಹೇಳಿ," ಎಂದಳು ಪೇಂಟರಕ್ಕ. "ಮೇಸ್ತ್ರಿ ಕಣ್ಣು ಚೆನ್ನಾಗಿದೆ, ತೂತು ಕೊರೆದದ್ದು ನಾವೇ ಅಂತ ಹೇಳಿ. ಅವರನ್ನ ಒಳಗೆ ಕರೀರಿ. ನಾವೂ ಬರ್ತೀವಿ."

ಬ್ರೋ ಡೈರೆಕ್ಟರಮ್ಮನ ಮುಖ ನೋಡಿದರು. ಅವಳು ಫೋನು ಕಿವಿಗಿಟ್ಟುಕೊಂಡು ಯಾರಿಗೋ "ಸಾರ್, ಸಾರ್" ಎನ್ನುತ್ತಿದ್ದಳು. ಬಸ್ಸಿನವರು ಇಳಿದು ಬಂದು ಏನಾಯಿತೆಂದು ಕೇಳಿದರು. ಕಸ ಗುಡಿಸುವ ಅಜ್ಜಿ ಮೊದಲಿನಿಂದ ಹೇಳತೊಡಗಿದಳು. ಕ್ಯಾಮೆರಾದವನು ಕ್ಯಾಮೆರಾ ಎತ್ತಿಕೊಂಡು ಬಂದು ಬ್ರೋ ಎದುರು ನಿಂತ. ಯಾರೂ ಅವನಿಗೆ ಹೇಳಿರಲಿಲ್ಲ.

"ಓಡ್ತಾ ಇದೆ," ಎಂದ. "ಹೇಳಿ."