ಕನ್ನಮ್ಮನ ಹೆಸರಿನ ಕಲ್ಲು

ವೆಂಕಟ್ರಮಣ ಮೇಷ್ಟ್ರು ರಿಟೈರಾದ ಮೇಲೆ ಜೋಗದಲ್ಲಿ ಸಂಖ್ಯಾ ಮಂಡಳಿ ಕಟ್ಟಿದರು. ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕರ ಪೈಥಾಗರಸ್ ಶಿಷ್ಯರನ್ನು ಹೇಗೆ ಇಟ್ಟಿದ್ದನೋ ಎಲ್ಲವೂ ಹಾಗೇ ನಡೆಯಬೇಕು. ಬೆಳಗ್ಗೆ ಎದ್ದು ಸಂಖ್ಯೆಗಳಿಗೆ ಕೈಮುಗಿಯಬೇಕು, ಅವರೆಕಾಳು ಮುಟ್ಟಬಾರದು, ಹೊಸಬರು ಪರದೆಯಾಚೆ ಬಾಯಿಮುಚ್ಚಿ ಕೂತು ಪಾಠ ಕೇಳಬೇಕು. ಯಾಕೆ ಎಂದು ಯಾರಾದರೂ ಕೇಳಿದರೆ "ಮೇಷ್ಟ್ರು ಹೇಳಿದಾರೆ" ಎಂಬಲ್ಲಿಗೆ ಮಾತು ಮುಗಿಯಿತು. ನಾಡಿಗೆಲ್ಲ ಕರೆಂಟು ಕೊಡುವ ಊರಿನಲ್ಲಿ ಇಂಥದೊಂದು ಮಠ!

ಕನ್ನಮ್ಮ ಪ್ರೈಮರಿ ಶಾಲೆಯ ಟೀಚರು. ಲೆಕ್ಕವೆಂದರೆ ಪ್ರಾಣ. ಆ ಸುತ್ತಿನಲ್ಲಿ ಲೆಕ್ಕದ ಮಾತಾಡುವ ಜಾಗ ಅದೊಂದೇ ಆದ್ದರಿಂದ ಅವರೆಕಾಳು ಬಿಟ್ಟಳು, ಪರದೆಯಾಚೆ ಕೂತಳು. ಅವಳಂಥ ಬಾಯಾಳಿ ವರ್ಷಗಟ್ಟಲೆ ಸುಮ್ಮನೆ ಕೂತದ್ದೇ ಒಂದು ಪವಾಡ.

ಯಾವ ಎರಡು ಗೆರೆ ಎಳೆದರೂ ಎರಡನ್ನೂ ಚೂರೂ ಉಳಿಯದಂತೆ ಅಳೆಯುವ ಒಂದು ಅಳತೆ ಇದ್ದೇ ಇರುತ್ತದೆ, ಆ ಅಳತೆಯೇ ದೇವರು. ಇದು ಮಂಡಳಿಯ ಮೂಲಮಂತ್ರ. ಕನ್ನಮ್ಮ ಶಾಲೆಯ ಮಕ್ಕಳಿಗೂ ಇದನ್ನೇ ಕಲಿಸಿದ್ದಳು. ಒಂದು ಸಂಜೆ ಬೋರ್ಡಿನ ಮೇಲೆ ಚೌಕ ಬರೆದು, ಮೂಲೆಯಿಂದ ಮೂಲೆಗೆ ಗೆರೆ ಎಳೆದು ಯೋಚಿಸುತ್ತ ನಿಂತವಳಿಗೆ ಹೊಳೆಯಿತು. ಚೌಕದ ಬದಿಗೂ ಈ ಓರೆಗೆರೆಗೂ ಅಂಥ ಅಳತೆ ಇಲ್ಲ, ಇರಲು ಸಾಧ್ಯವೇ ಇಲ್ಲ.

ಓಡಿಹೋಗಿ ಮೇಷ್ಟ್ರಿಗೆ ಹೇಳಿದಳು. ಅವರು ಬೆಚ್ಚಲಿಲ್ಲ.

"ನಂಗೊತ್ತು ಕಣಮ್ಮ. ಪೈಥಾಗರಸ್ ಶಿಷ್ಯರಿಗೂ ಗೊತ್ತಿತ್ತು. ಹೊರಗೆ ಬಾಯಿಬಿಟ್ಟವನು ಸಮುದ್ರದಲ್ಲಿ ಮುಳುಗಿ ಸತ್ತ ಅಂತಾರೆ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡು, ಪರದೆ ಒಳಗೆ ಕೂರಿಸ್ತೀನಿ. ಹೇಳಿದ್ಯೋ, ನಮ್ಮ ಪಾಲಿಗೆ ಸತ್ತಂಗೆ. ನಿನ್ನ ಹೆಸರಲ್ಲಿ ಕಲ್ಲು ಇಡ್ತೀವಿ."

ಗೊತ್ತಿದ್ದೂ ಸುಳ್ಳು ಹೇಳಿಸಿದರಲ್ಲ, ಅದೂ ಮಕ್ಕಳಿಗೆ! ಕನ್ನಮ್ಮನಿಗೆ ಮೈಯೆಲ್ಲ ಉರಿಯಿತು.

ಯೋಚಿಸಿ ಹೇಳ್ತೀನಿ ಎಂದಷ್ಟೇ ಹೇಳಿ ಬಂದಳು. ಆಣೆ ಡ್ಯಾಮಿನ ಹಿನ್ನೀರಿನ ಆಚೆ ದಡದಲ್ಲಿ ಎಂದಾಯಿತು. ಮಂಡಳಿಯವರೆಲ್ಲ ಹೊಳೆಬಾಗಿಲು ಕಡವಿನಲ್ಲಿ ಊರವರು ದಾಟುವ ಲಾಂಚ್ ಹತ್ತಿದರು. ನಡುನೀರಿನಲ್ಲಿ ಮೇಷ್ಟ್ರು, "ಏನು ತೀರ್ಮಾನ ಮಾಡ್ದೆ?" ಎಂದರು. ಕನ್ನಮ್ಮ ಎದ್ದಳು. ತಿರುಗಿದ್ದು ಮಾತ್ರ ಸಿಗಂದೂರು ದೇವಸ್ಥಾನಕ್ಕೆ ಹೊರಟಿದ್ದ ಜನರ ಕಡೆ.

"ಕೇಳ್ರೀ ಎಲ್ರೂ! ಚೌಕದ ಬದಿಗೂ ಓರೆಗೆರೆಗೂ ಒಂದೇ ಅಳತೆ ಹೊಂದ್ತದೆ ಅಂತ ಇವ್ರು ಹೇಳ್ತಾರೆ. ಹೊಂದೋ ಹಾಗಿದ್ರೆ ಒಂದೇ ಸಂಖ್ಯೆ ಸರಿನೂ ಆಗ್ಬೇಕು, ಬೆಸನೂ ಆಗ್ಬೇಕು. ಆಗ್ತದಾ?"

"ಅದೆಂಗಾಗ್ತದೆ?" ಎಂದಳು ಬುಟ್ಟಿ ಹಿಡಿದು ಕೂತಿದ್ದ ಮುದುಕಿ ಗುತ್ಯಮ್ಮ. "ಸರಿಬೆಸ ಆಡೋ ಮಕ್ಳಿಗೂ ಗೊತ್ತು."

"ಕನ್ನಮ್ಮಾ, ನೀರಿನ ಮೇಲಿದೀಯ!" ಮೇಷ್ಟ್ರು ಕೂಗಿದರು.

"ಹೌದು ಮೇಷ್ಟ್ರೇ. ಡ್ಯಾಂ ಕಟ್ಟಿ ನಮ್ಮೂರನ್ನೇ ಇದ್ರಡಿ ಮುಳುಗಿಸಿದಾರೆ. ನೀರು ತೋರಿಸಿ ನನ್ನ ಹೆದರಿಸ್ಬೇಡಿ."

ಲಾಂಚ್ ಮುಳುಗಲಿಲ್ಲ, ದಡ ಮುಟ್ಟಿತು. ಮೇಷ್ಟ್ರು ಹಟಕ್ಕೆ ಬಿದ್ದು ಒಂದು ಚಪ್ಪಟೆ ಕಲ್ಲು ಹೊರಿಸಿ ತಂದು, ಸೀಮೆಸುಣ್ಣದಲ್ಲಿ ಅವಳ ಹೆಸರು ಬರೆದು ದಡದಲ್ಲಿ ಇರಿಸಿದರು. ಸತ್ತವಳ ಕಡೆ ನೋಡದೆ ಎಲ್ಲರೂ ಗುಡ್ಡ ಹತ್ತಿದರು. ಇಷ್ಟು ದಿನದ ಜೊತೆಗಾರರು, ಒಬ್ಬರಾದರೂ ತಿರುಗಿ ನೋಡಲಿಲ್ಲವಲ್ಲ ಎಂದು ಕನ್ನಮ್ಮನಿಗೆ ಅಳುವೇ ಬಂತು.

ಗುತ್ಯಮ್ಮ ಹತ್ತಿರ ಬಂದು ಬುತ್ತಿ ಬಿಚ್ಚಿದಳು. "ಬೇಯ್ಸಿದ ಅವರೆಕಾಳು. ತಿಂತೀಯಾ ಮಗಾ?"

ಕನ್ನಮ್ಮ ಕಣ್ಣೊರೆಸಿಕೊಂಡು ತನ್ನದೇ ಸಮಾಧಿಯ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಕೊಡವ್ವ, ಬೊಗಸೆ ತುಂಬ ಕೊಡು. ಹಂಗೇ ಅಲ್ಲಿ ಬಿದ್ದಿರೋ ಕಡ್ಡಿನೂ ಕೊಡು. ಆ ಚೌಕದ ಲೆಕ್ಕ ಮಣ್ಣಲ್ಲಿ ಬರೆದು ತೋರಿಸ್ತೀನಿ, ಈ ಕಡೆ ಬಂದು ಕೂತ್ಕ."